ಗೊಜ್ಜು

ತರಕಾರಿ ಅಥವಾ ಹಣ್ಣಿನ ಹೋಳುಗಳನ್ನು ಎಣ್ಣೆಯಲ್ಲಿ ಬಾಡಿಸಿ, ಹುಣಸೆರಸ, ಬೆಲ್ಲ, ಉಪ್ಪು ಮತ್ತು ಹುರಿದ ಮಸಾಲೆಪುಡಿಯೊಡನೆ ಕುದಿಸಿ, ನೀರಿನಂಶ ಬತ್ತಿ ಪಾಕ ಹೋಳಿಗೆ ಮೆತ್ತಿಕೊಂಡು ಹೊಳೆಯುವಾಗ ಇಳಿಸುವ ನಂಚಿಕೆಗೆ ದಕ್ಷಿಣ ಕರ್ನಾಟಕದಲ್ಲಿ ಗೊಜ್ಜು ಎಂದು ಹೆಸರು. ಸಿಹಿ, ಹುಳಿ, ಖಾರ, ಉಪ್ಪು ನಾಲ್ಕೂ ಇದರಲ್ಲಿ ಎದ್ದು ಕಾಣುವಷ್ಟಿರುತ್ತವೆ. ಹಾಗಲಕಾಯಿಯದಾದರೆ ಕಹಿ, ಮೆಂತ್ಯ ಬಿದ್ದರೆ ಒಗರಿನ ಎಳೆಯೂ ಸೇರುತ್ತದೆ. ಪಲ್ಯದಷ್ಟು ಒಣಗಿರುವುದಿಲ್ಲ, ಹುಳಿಯಷ್ಟು ತೆಳ್ಳಗೂ ಇರುವುದಿಲ್ಲ. ಹಾಗಲಕಾಯಿ, ಅನಾನಸ್, ದೊಣ್ಣೆಮೆಣಸಿನಕಾಯಿ, ಬೆಂಡೆಕಾಯಿ, ಹೆರಳೆಕಾಯಿ, ಈರುಳ್ಳಿ, ಮಾವಿನಹಣ್ಣು, ದ್ರಾಕ್ಷಿ, ಅಮಟೆಕಾಯಿ ಹೀಗೆ ಯಾವುದನ್ನು ಬೇಕಾದರೂ ಗೊಜ್ಜಿಗೆ ಹಾಕಬಹುದು. ಏನು ಹಾಕಿದ್ದೇವೆ ಎನ್ನುವುದಕ್ಕಿಂತ ಎಲ್ಲಿಯವರೆಗೆ ಬತ್ತಿಸಿದ್ದೇವೆ ಎನ್ನುವುದರಿಂದಲೇ ಅದು ಗೊಜ್ಜಾಗುವುದು. ಅದೇ ಹಾಗಲಕಾಯಿ, ಅದೇ ಹುಣಸೆಹಣ್ಣು, ಅದೇ ಬೆಲ್ಲ ಹಾಕಿ ಐದು ನಿಮಿಷ ಮೊದಲೇ ಇಳಿಸಿದರೆ ಅದು ಸಿಹಿ ಹುಳಿ. ಐದು ನಿಮಿಷ ತಡವಾದರೆ ಉಪ್ಪಿನಕಾಯಿಗೂ ಲೇಹ್ಯಕ್ಕೂ ನಡುವಿನ ಏನೋ ಒಂದು.

ಹೆಸರಿನ ಹರವು

ಗೊಜ್ಜು ಎಂದರೆ ಎಲ್ಲ ಊರಲ್ಲೂ ಇದೇ ಅಡುಗೆಯಲ್ಲ. ಮೈಸೂರು, ಮಂಡ್ಯ, ಹಾಸನ, ತುಮಕೂರು, ಬೆಂಗಳೂರಿನ ಕಡೆ ಬೆಲ್ಲ ಹುಣಸೆ ಹಾಕಿ ಕುದಿಸಿದ್ದೇ ಗೊಜ್ಜು. ಕರಾವಳಿಯಲ್ಲಿ ಗೊಜ್ಜು ಕೇಳಿದರೆ ಸುಟ್ಟ ಬದನೆಕಾಯಿಯನ್ನೋ ಬೇಯಿಸಿದ ಬಟಾಟೆಯನ್ನೋ ಕೈಯಲ್ಲಿ ಕಿವುಚಿ, ಹಸಿಮೆಣಸು, ಉಪ್ಪು, ಹುಳಿ, ತೆಂಗಿನೆಣ್ಣೆ ಸೇರಿಸಿದ ಹಸಿ ಗೊಜ್ಜು ಎಲೆಗೆ ಬೀಳುತ್ತದೆ. ಉಡುಪಿಯ ಮಟ್ಟು ಊರಿನ ಗುಳ್ಳಬದನೆಯ ಗೊಜ್ಜು ಇದರಲ್ಲಿ ಹೆಸರಾದದ್ದು. ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಬೆಲ್ಲ ಹುಣಸೆಯ ಬತ್ತಿಸಿದ ಅಡುಗೆಗೆ ಆ ಕಡೆ ಮೆಣಸ್ಕಾಯಿ ಎಂದು ಬೇರೆಯೇ ಹೆಸರಿದೆ. ಮೈಸೂರಿನವರ ಕಿವಿಗೆ ಮೆಣಸ್ಕಾಯಿ ಎಂದರೆ ಬರಿಯ ಮೆಣಸಿನಕಾಯಿ. ಉಡುಪಿ ಕಡೆಯ ಮದುವೆಯಲ್ಲಿ ಬಡಿಸುವವರು “ಮೆಣಸ್ಕಾಯಿ, ಮೆಣಸ್ಕಾಯಿ” ಎನ್ನುತ್ತ ಬಂದಾಗ ಘಟ್ಟದ ಮೇಲಿನ ನೆಂಟರು ಎಲೆಗೆ ಕೈ ಅಡ್ಡ ಹಿಡಿದು ಅನಾನಸ್ಸಿನ ಸಿಹಿ ತುಂಡುಗಳನ್ನು ಕಳೆದುಕೊಳ್ಳುವುದುಂಟು.

ಮೊಸರು ಸೇರಿದ ಸೌತೆಕಾಯಿ ಗೊಜ್ಜು, ಬೆಂಡೆಕಾಯಿ ಮೊಸರುಗೊಜ್ಜುಗಳು ಇನ್ನೊಂದು ಕವಲು. ಅವುಗಳಲ್ಲಿ ಕುದಿಸಿ ಬತ್ತಿಸುವ ಕೆಲಸವಿಲ್ಲ. ಗೊಜ್ಜವಲಕ್ಕಿಯಲ್ಲಿ ಹುಣಸೆ, ಬೆಲ್ಲ, ಸಾರಿನಪುಡಿಯ ನೀರನ್ನು ತರಿ ಮಾಡಿದ ಗಟ್ಟಿ ಅವಲಕ್ಕಿಯೇ ಹೀರಿಕೊಳ್ಳುತ್ತದೆ. ರುಚಿಯಲ್ಲಿ ಗೊಜ್ಜಿನ ಮನೆತನದ್ದೇ ಆದರೂ ಒಲೆಯ ಕೆಲಸ ಬೇರೆ. ಪುಳಿಯೋಗರೆಗೆ ಮೊದಲೇ ಮಾಡಿಟ್ಟುಕೊಳ್ಳುವ ಗೊಜ್ಜು ಮಾತ್ರ ಈ ಲೇಖನದ ಗೊಜ್ಜಿಗೆ ತೀರ ಹತ್ತಿರದ್ದು. ಅದರಲ್ಲಿ ತರಕಾರಿಯಿಲ್ಲ, ಪಾಕವಷ್ಟೇ. ಮೇಲುಕೋಟೆಯ ಪುಳಿಯೋಗರೆಯ ಹೆಸರೆಲ್ಲ ನಿಂತಿರುವುದು ಆ ಪಾಕವನ್ನು ಎಷ್ಟು ಹೊತ್ತು ಕುದಿಸಿದ್ದಾರೆ ಎನ್ನುವುದರ ಮೇಲೆ.

ಹಿನ್ನೆಲೆ

ಕನ್ನಡದಲ್ಲಿ ಅಡುಗೆಯನ್ನು ಶಾಸ್ತ್ರವಾಗಿ ಬರೆದಿಡುವ ಪರಂಪರೆ ಹಳೆಯದು. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ವಾಸ್ತು, ವೃಕ್ಷಾಯುರ್ವೇದ, ಸುಗಂಧದ್ರವ್ಯಗಳ ಜೊತೆಗೆ ಅಡುಗೆಗೂ ಒಂದು ಅಧ್ಯಾಯವಿದೆ. 16ನೇ ಶತಮಾನದ ಆರಂಭದ ಹೊತ್ತಿಗೆ ಕಲ್ಲಹಳ್ಳಿಯ ಮೂರನೆಯ ಮಂಗರಸ ‘ಸೂಪಶಾಸ್ತ್ರ’ ಎಂಬ ಇಡೀ ಗ್ರಂಥವನ್ನೇ ಷಟ್ಪದಿಯಲ್ಲಿ ಬರೆದ. ಬದನೆ, ಬಾಳೆ, ಹಲಸುಗಳ ಬಗೆಬಗೆಯ ಅಡುಗೆಗಳು ಅದರಲ್ಲಿವೆ.

ಇಂದಿನ ಗೊಜ್ಜನ್ನು ಮಾತ್ರ ಆ ಪುಸ್ತಕಗಳಲ್ಲಿ ಹುಡುಕಿ ಉಪಯೋಗವಿಲ್ಲ. ಒಣಮೆಣಸಿನಕಾಯಿ, ದೊಣ್ಣೆಮೆಣಸಿನಕಾಯಿ, ಅನಾನಸ್, ಟೊಮೆಟೊ ನಾಲ್ಕೂ ಅಮೆರಿಕ ಖಂಡದವು. ಮೆಣಸಿನಕಾಯಿ ಮತ್ತು ಅನಾನಸ್ಸು ಪೋರ್ಚುಗೀಸರ ಹಡಗುಗಳ ಮೂಲಕ 16ನೇ ಶತಮಾನದಲ್ಲಿ ಪಶ್ಚಿಮ ಕರಾವಳಿಗೆ ಇಳಿದವು. ಅದಕ್ಕೂ ಮೊದಲು ಖಾರವೆಂದರೆ ಕರಿಮೆಣಸು, ಶುಂಠಿ, ಹಿಪ್ಪಲಿ, ಸಾಸಿವೆ. ಮೆಣಸು ಎಂಬ ಹಳೆಯ ಹೆಸರಿಗೆ ಕಾಯಿ ಸೇರಿಸಿ ಹೊಸ ಬೆಳೆಯನ್ನು ನಮ್ಮವರು ಬರಮಾಡಿಕೊಂಡರು. ಇಂದು ಮದುವೆಯ ಊಟದಲ್ಲಿ ‘ಸಾಂಪ್ರದಾಯಿಕ’ ಎಂಬ ಪಟ್ಟ ಹೊತ್ತು ಬರುವ ಅನಾನಸ್ ಗೊಜ್ಜಿನ ಹಣ್ಣು, ಖಾರ ಎರಡೂ ಹೀಗೆ ಹೊರಗಿನವು. ಹುಣಸೆಯ ಮರವೂ ಮೂಲದಲ್ಲಿ ಆಫ್ರಿಕದ್ದೇ. ಆದರೆ ಅದು ಇಲ್ಲಿಗೆ ಬಂದು ಎಷ್ಟು ಕಾಲವಾಯಿತೆಂದರೆ ಅರಬರು ಅದನ್ನು ಭಾರತದ ಖರ್ಜೂರವೆಂದೇ ಕರೆದರು. ಬೆಲ್ಲ, ಎಳ್ಳು, ಸಾಸಿವೆ, ಹಾಗಲಕಾಯಿಗಳು ಮಾತ್ರ ಹಳೆಯ ಮನೆಯವು.

ಬೆಲ್ಲದ ಕೆಲಸ, ಹುಣಸೆಯ ಕೆಲಸ

ಗೊಜ್ಜಿನ ಹೊಳಪಿಗೆ ಕಾರಣ ಎಣ್ಣೆಯೊಂದೇ ಅಲ್ಲ, ಸಕ್ಕರೆಯ ಪಾಕ. ಬೆಲ್ಲದ ಬಹುಪಾಲು ಸುಕ್ರೋಸ್. ಜೊತೆಗೆ ಒಂದಿಷ್ಟು ಗ್ಲೂಕೋಸ್, ಫ್ರಕ್ಟೋಸ್, ಖನಿಜಗಳು, ಕಬ್ಬಿನ ರಸ ಕಾಯುವಾಗ ಹುಟ್ಟಿದ ಕಂದುಬಣ್ಣ ಮತ್ತು ಪರಿಮಳ. ಬರಿಯ ಸಕ್ಕರೆಯ ನೀರನ್ನು ಕುದಿಸುತ್ತ ಹೋದರೆ ಒಂದು ಹಂತದ ನಂತರ ಅದು ಹರಳುಗಟ್ಟಿ ಮಂಕಾಗುತ್ತದೆ. ಗೊಜ್ಜು ಹಾಗಾಗುವುದಿಲ್ಲ. ಅದಕ್ಕೆ ಹುಣಸೆಯೇ ಕಾರಣ. ಹೆಚ್ಚಿನ ಹುಳಿಹಣ್ಣುಗಳಲ್ಲಿ ಸಿಟ್ರಿಕ್ ಆಮ್ಲ ಮುಂದಿದ್ದರೆ ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ ಹೆಚ್ಚು. ಕುದಿಯುವ ಹುಳಿಯಲ್ಲಿ ಸುಕ್ರೋಸಿನ ಒಂದು ಪಾಲು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಈ ಮೂರೂ ಸಕ್ಕರೆಗಳು ಬೆರೆತ ಪಾಕದಲ್ಲಿ ಹರಳು ಕಟ್ಟುವುದು ಕಷ್ಟ. ತಣಿದ ಮೇಲೂ ಅದು ಗಾಜಿನಂತೆ ನಯವಾಗಿ ಉಳಿಯುತ್ತದೆ. ಹರಳುಗಟ್ಟಬಾರದ ಪಾಕ ಮಾಡುವವರು ಸಕ್ಕರೆಗೆ ಎರಡು ಹನಿ ನಿಂಬೆರಸ ಬಿಡುವುದರ ಹಿಂದೆಯೂ ಇರುವುದು ಇದೇ ಲೆಕ್ಕ.

ಹುಣಸೆಯ ತಿರುಳಿನಲ್ಲಿರುವ ಪೆಕ್ಟಿನ್ ಪಾಕಕ್ಕೆ ಮೈ ಕೊಡುತ್ತದೆ. ನೀರು 100 ಡಿಗ್ರಿಗೆ ಕುದಿದರೆ, ಸಕ್ಕರೆ ಗಟ್ಟಿಯಾದಂತೆಲ್ಲ ಕುದಿಬಿಂದು ಮೇಲೇರುತ್ತದೆ. ಜಾಮು ಕಟ್ಟಿಕೊಳ್ಳುವುದು 104, 105 ಡಿಗ್ರಿಯ ಆಸುಪಾಸಿನಲ್ಲಿ. ಗೊಜ್ಜನ್ನು ಅಲ್ಲಿಯವರೆಗೆ ಒಯ್ಯಬಾರದು. ಹೋಳಿಗೆ ಅಂಟಿದ ಮೇಲೂ ಅನ್ನಕ್ಕೆ ಕಲಸಲು ಬರುವಷ್ಟು ಸಡಿಲ ಅದರಲ್ಲಿರಬೇಕು.

ಹುಳಿಯಿಂದ ಇನ್ನೊಂದು ತೊಡಕೂ ಇದೆ. ತರಕಾರಿಯ ಜೀವಕೋಶಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಬರಿಯ ನೀರಿನಲ್ಲಿ ಬೇಗ ಕರಗುತ್ತದೆ, ಹುಳಿಯಲ್ಲಿ ಕರಗಲು ಒಪ್ಪುವುದಿಲ್ಲ. “ಹುಳಿ ಬಿದ್ದ ಮೇಲೆ ಕಾಯಿ ಬೇಯೋಲ್ಲ” ಎಂದು ಮನೆಯ ಹಿರಿಯರು ಹೇಳುವುದು ಇದನ್ನೇ. ಗೊಜ್ಜಿನ ತರಕಾರಿ ಹುಣಸೆರಸಕ್ಕೆ ಬೀಳುವ ಮೊದಲೇ ಎಣ್ಣೆಯಲ್ಲಿ ಮುಕ್ಕಾಲು ಬೆಂದಿರಬೇಕು. ಉಳಿದ ಕಾಲು ಭಾಗ ಬೇಯುವಷ್ಟರಲ್ಲಿ ಹುಳಿ ಅದನ್ನು ಗಟ್ಟಿಯಾಗಿ ಹಿಡಿಯುತ್ತದೆ, ಹೋಳು ಕರಗಿ ಮುದ್ದೆಯಾಗದೆ ಉಳಿಯುತ್ತದೆ. ತೊಂದರೆಯೂ ಅನುಕೂಲವೂ ಒಂದೇ ಗುಣದಿಂದ.

ಬೆಲ್ಲದ ಆಯ್ಕೆಯಲ್ಲಿ ಕಣ್ಣಿಗೆ ಮೋಸವಾಗುತ್ತದೆ. ಮಂಡ್ಯದ ಆಲೆಮನೆಗಳ ಅಚ್ಚುಬೆಲ್ಲ, ಉಂಡೆಬೆಲ್ಲ, ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರದ ಪೇಟೆಯ ಬೆಲ್ಲ, ಮಲೆನಾಡಿನ ಜೋನಿಬೆಲ್ಲ ಯಾವುದಾದರೂ ಆಗುತ್ತದೆ. ಆದರೆ ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೊಳೆಯುವ ಹಳದಿ ಅಚ್ಚು ಹೈಡ್ರೋಸ್ ಎಂಬ ರಾಸಾಯನಿಕ ಹಾಕಿ ಬಿಳುಪು ಮಾಡಿದ್ದಾಗಿರಬಹುದು. ಗೊಜ್ಜಿಗೆ ಕಪ್ಪು ಮಿಶ್ರಿತ ಕಂದುಬಣ್ಣದ, ಒಡೆದರೆ ಒಳಗೆ ಸ್ವಲ್ಪ ಮೆತ್ತಗಿರುವ ಬೆಲ್ಲವೇ ಮೇಲು. ಬೆಲ್ಲದ ಬದಲು ಸಕ್ಕರೆ ಹಾಕಿದ ಗೊಜ್ಜಿಗೆ ಹೊಳಪು ಬರುತ್ತದೆ, ಆಳ ಬರುವುದಿಲ್ಲ. ಕೆಲವು ಹೋಟೆಲುಗಳ ಅನಾನಸ್ ಗೊಜ್ಜು ತಿಂದ ಕೂಡಲೇ ನಾಲಗೆಗೆ ಇದು ಗೊತ್ತಾಗಿಬಿಡುತ್ತದೆ.

ಹಾಗಲಕಾಯಿ ಗೊಜ್ಜು ಮಾಡುವ ಬಗೆ

ಗೊಜ್ಜುಗಳಲ್ಲಿ ಕಲಿಯಲು ಕಷ್ಟವಾದದ್ದು ಹಾಗಲಕಾಯಿಯದು. ಅದು ಕೈಗೆ ಬಂದರೆ ಉಳಿದವು ತಾನಾಗಿ ಬರುತ್ತವೆ. ಐದಾರು ಮಂದಿಗೆ ಕಾಲು ಕಿಲೋ ಹಾಗಲಕಾಯಿ, 30 ಗ್ರಾಂ ಹುಣಸೆಹಣ್ಣು (ನಿಂಬೆಹಣ್ಣಿನ ಗಾತ್ರದ್ದು), 75ರಿಂದ 80 ಗ್ರಾಂ ಬೆಲ್ಲ, ನಾಲ್ಕು ದೊಡ್ಡ ಚಮಚ ಎಣ್ಣೆ ಸಾಕು. ಹುಣಸೆಯ ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು ಬೆಲ್ಲ ಎಂದು ನೆನಪಿಟ್ಟುಕೊಂಡರೆ ಅಳತೆ ತಪ್ಪುವುದಿಲ್ಲ. ಹಳೆಯ ಹುಣಸೆ ಕಪ್ಪಗಿದ್ದು ಬಣ್ಣ ಹೆಚ್ಚು ಕೊಡುತ್ತದೆ. ಹೊಸತು ಚುರುಕು ಹುಳಿ. ಎರಡನ್ನೂ ಬೆರೆಸುವ ಮನೆಗಳಿವೆ.

ಕಾಯಿಯನ್ನು ಉದ್ದಕ್ಕೆ ಸೀಳಿ, ಬಲಿತ ಬೀಜ ತೆಗೆದು, ಅರ್ಧ ಚಂದ್ರದಂತೆ ತೆಳುವಾಗಿ ಹೆಚ್ಚಬೇಕು. ಮೇಲಿನ ಮುಳ್ಳು ಸಿಪ್ಪೆಯನ್ನು ಹೆರೆದು ತೆಗೆಯುವವರೂ ಇದ್ದಾರೆ. ನನ್ನ ಮಟ್ಟಿಗೆ ಅದು ಬೇಡದ ಕೆಲಸ. ಪಾಕ ಹಿಡಿದು ನಿಲ್ಲುವುದು ಆ ಏರುತಗ್ಗುಗಳ ಸಂದಿಯಲ್ಲೇ. ಹೋಳಿಗೆ ಉಪ್ಪು, ಅರಿಶಿನ ಸವರಿ ಅರ್ಧ ಗಂಟೆ ಇಟ್ಟರೆ ಹಸಿರು ನೀರು ಬಿಡುತ್ತದೆ. ಅದನ್ನು ಅಂಗೈಯಲ್ಲಿ ಮೆಲ್ಲಗೆ ಹಿಂಡಿ ಚೆಲ್ಲಬೇಕು. ಹಾಗಲದ ಕಹಿ ಟ್ರೈಟರ್ಪೀನ್ ಗುಂಪಿನ ಸಂಯುಕ್ತಗಳದು. ಆ ನೀರಿನೊಡನೆ ಹೋಗುವುದು ಅದರ ಸ್ವಲ್ಪ ಪಾಲು ಮಾತ್ರ. ಮಿಕ್ಕ ಕೆಲಸವನ್ನು ಉಪ್ಪು ನಾಲಗೆಯ ಮೇಲೆಯೇ ಮಾಡುತ್ತದೆ. ಸೋಡಿಯಂ ಕಹಿಯ ಅರಿವನ್ನು ತಗ್ಗಿಸಿ ಸಿಹಿಯನ್ನು ಮುಂದೆ ತರುತ್ತದೆ ಎಂದು ಫಿಲಡೆಲ್ಫಿಯದ ಮೊನೆಲ್ ಸಂಸ್ಥೆಯ ಬ್ರೆಸ್ಲಿನ್ ಮತ್ತು ಬೋಶಾಂ 1997ರಲ್ಲಿ ತೋರಿಸಿದರು. ಗೊಜ್ಜಿಗೆ ಉಪ್ಪು ಸಾಲದಿದ್ದಾಗ ಅದು ಸಪ್ಪೆಯಾಗುವ ಬದಲು ಕಹಿಯಾಗುವುದು ಇದರಿಂದಲೇ; ಇನ್ನೊಂದು ಚೂರು ಬೆಲ್ಲ ಹಾಕುವ ಮೊದಲು ಒಂದು ಚಿಟಿಕೆ ಉಪ್ಪು ಹಾಕಿ ನೋಡುವುದು ಒಳ್ಳೆಯದು. ಕಹಿ ಪೂರ್ತಿ ಹೋಗಲೆಂದು ಮಜ್ಜಿಗೆಯಲ್ಲಿ ನೆನೆಸಿ, ಬೇಯಿಸಿ, ಮತ್ತೆ ಹಿಂಡಿ ಹಾಕಿದರೆ ಹಾಗಲಕಾಯಿಯ ಬದಲು ಬಟ್ಟೆಯ ಚೂರು ಹಾಕಿದರೂ ನಡೆದೀತು.

ಪುಡಿಗೆ ಒಂದೊಂದು ಚಮಚ ಕಡಲೆಬೇಳೆ, ಉದ್ದಿನಬೇಳೆ, ಕೊತ್ತಂಬರಿ ಬೀಜ, ಕಾಲು ಚಮಚ ಮೆಂತ್ಯ, ಏಳೆಂಟು ಬ್ಯಾಡಗಿ ಮೆಣಸಿನಕಾಯಿ ಬೇರೆ ಬೇರೆ ಹುರಿದು, ಕೊನೆಗೆ ಒಲೆ ಸಣ್ಣ ಮಾಡಿ ಎರಡು ಚಮಚ ಬಿಳಿ ಎಳ್ಳನ್ನು ಚಟಗುಟ್ಟುವವರೆಗೆ ಬಿಸಿ ಮಾಡಿ, ಎರಡು ಚಮಚ ತುರಿದ ಒಣಕೊಬ್ಬರಿಯೊಡನೆ ತರಿಯಾಗಿ ಪುಡಿ ಮಾಡಬೇಕು. ಮೆಂತ್ಯ ಹೊಂಬಣ್ಣ ದಾಟಿದರೆ ಹಾಗಲದ ಕಹಿಗೆ ಇನ್ನೊಂದು ಕಹಿ ಜೊತೆಯಾಗುತ್ತದೆ. ಬ್ಯಾಡಗಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಗೊಜ್ಜಿನ ಕೆಂಪು ಹೊಳಪಿಗೆ ಅದು ಹೇಳಿ ಮಾಡಿಸಿದ್ದು. ಅವಸರದ ದಿನ ಒಂದೂವರೆ ಚಮಚ ಸಾರಿನಪುಡಿಗೆ ಎಳ್ಳು ಕೊಬ್ಬರಿಯ ಪುಡಿ ಸೇರಿಸಿ ಮುಗಿಸುವುದು ಎಲ್ಲ ಮನೆಯಲ್ಲೂ ಇದೆ, ಯಾರೂ ಹೇಳಿಕೊಳ್ಳುವುದಿಲ್ಲ ಅಷ್ಟೆ.

ಬಾಂಡಲೆಯಲ್ಲಿ ಎಣ್ಣೆ ಕಾಯಿಸಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟು ಹಿಂಡಿದ ಹೋಳು ಹಾಕಿ, ಮುಚ್ಚದೆ, ಹತ್ತು ಹನ್ನೆರಡು ನಿಮಿಷ ಬಾಡಿಸಬೇಕು. ಅಂಚು ಕಂದಾಗಿ ಹೋಳು ಅರ್ಧಕ್ಕೆ ಕುಗ್ಗಿದಾಗ ಎರಡು ಲೋಟ ಹುಣಸೆರಸ ಹೊಯ್ಯಬೇಕು. ಮೊದಲು ಹುಳಿಯಷ್ಟೇ ಏಳೆಂಟು ನಿಮಿಷ ಕುದಿದು ಹಸಿವಾಸನೆ ಕಳೆಯಬೇಕು. ಬೆಲ್ಲ ಬೀಳುವುದು ಆಮೇಲೆ. ಬೆಲ್ಲ ಮೊದಲೇ ಬಿದ್ದರೆ ಹುಳಿಯ ಹಸಿತನ ಹೋಗುವಷ್ಟರಲ್ಲಿ ತಳ ಹಿಡಿಯುತ್ತದೆ. ಬೆಲ್ಲದಲ್ಲಿ ಮಣ್ಣು, ಕಡ್ಡಿ ಇರುವ ಗುಮಾನಿಯಿದ್ದರೆ ಬಿಸಿನೀರಿನಲ್ಲಿ ಕರಗಿಸಿ ಸೋಸಿ ಹಾಕಬೇಕು. ಇನ್ನೈದು ನಿಮಿಷಕ್ಕೆ ಪುಡಿ. ಪುಡಿಯಲ್ಲಿರುವ ಬೇಳೆಯ ಪಿಷ್ಟ ಪಾಕವನ್ನು ದಪ್ಪ ಮಾಡುತ್ತದೆ. ಬೇಗ ಗಟ್ಟಿಯಾಗಲೆಂದು ಪುಡಿಯನ್ನೇ ಸುರಿದರೆ ಗೊಜ್ಜು ದಪ್ಪವಾಗುವುದು ನಿಜ, ಆದರೆ ಹೊಳಪು ಸತ್ತು ಕೆಸರಿನ ಬಣ್ಣಕ್ಕೆ ತಿರುಗುತ್ತದೆ. ಗಟ್ಟಿತನ ಬೆಂಕಿಯಿಂದ ಬರಬೇಕು, ಪುಡಿಯಿಂದಲ್ಲ.

ಹದ

ಮೊದಮೊದಲು ಗುಳ್ಳೆಗಳು ಸಣ್ಣವು, ಚುರುಕಾದವು. ಬಾಂಡಲೆಯ ತುಂಬ ನೊರೆ ಹರಡಿ ಕೊತಕೊತ ಸದ್ದಾಗುತ್ತದೆ. ನೀರು ಬತ್ತಿದಂತೆ ಗುಳ್ಳೆಗಳು ದೊಡ್ಡವಾಗಿ, ನಿಧಾನವಾಗಿ, ಪೊಳಕ್ ಪೊಳಕ್ ಎಂದು ಒಡೆದು ಸುತ್ತ ಹನಿ ಸಿಡಿಸುತ್ತವೆ. ಇಲ್ಲಿಂದ ಸೌಟು ಬಿಟ್ಟು ಆಚೀಚೆ ಹೋಗಬಾರದು. ಅಂಚಿನಲ್ಲಿ ಕೆಂಪು ಎಣ್ಣೆಯ ಗೆರೆ ಕಾಣಿಸುತ್ತದೆ. ಬಾಂಡಲೆಯ ತಳದಲ್ಲಿ ಸೌಟಿನಿಂದ ಗೆರೆ ಎಳೆದಾಗ ಎರಡು ಕಡೆಯ ಪಾಕ ಒಮ್ಮೆಲೆ ಕೂಡಿಕೊಳ್ಳದೆ, ಒಂದು ಉಸಿರಿನಷ್ಟು ಹೊತ್ತು ತಳ ಕಂಡು ಆಮೇಲೆ ಮುಚ್ಚಿಕೊಂಡರೆ ಒಲೆ ಆರಿಸುವ ಹೊತ್ತು. ಹೋಳನ್ನು ಸೌಟಿನಲ್ಲೆತ್ತಿ ಕಿಟಕಿಯ ಬೆಳಕಿಗೆ ಹಿಡಿದರೆ ಅದರ ಮೈಮೇಲೆ ಕಿಟಕಿಯ ಚೌಕಟ್ಟು ಕಾಣಬೇಕು.

ಆಗ ಗೊಜ್ಜು ನಮಗೆ ಬೇಕಾದ್ದಕ್ಕಿಂತ ಸ್ವಲ್ಪ ತೆಳ್ಳಗೇ ಕಾಣುತ್ತದೆ, ಕಾಣಬೇಕು. ತಣಿದಾಗ ಪಾಕ ಗಟ್ಟಿಯಾಗುತ್ತದೆ, ಹೋಳುಗಳೂ ಒಂದಿಷ್ಟು ಹೀರಿಕೊಳ್ಳುತ್ತವೆ. ಹೊಸಬರು ತಪ್ಪುವುದು ಇಲ್ಲಿಯೇ. ನಾನೂ ಮೊದಲ ಸಲ ಬಾಂಡಲೆಯಲ್ಲೇ ಊಟದ ಹದ ಬರಲೆಂದು ಕಾದು, ಮಧ್ಯಾಹ್ನ ಮುಚ್ಚಳ ತೆಗೆದಾಗ ಸೌಟು ನಡುವೆ ನೆಟ್ಟಗೆ ನಿಂತಿತ್ತು. ಬಿಸಿನೀರು ಬೆರೆಸಿ ಮತ್ತೆ ಕುದಿಸಿದರೆ ಅಂಥದ್ದು ಸರಿಹೋಗುತ್ತದೆ. ತಳ ಹಿಡಿದು ಸೀದದ್ದಕ್ಕೆ ಮದ್ದಿಲ್ಲ.

ಹೊಸದಾಗಿ ಮಾಡಿದ ಹಾಗಲಕಾಯಿ ಗೊಜ್ಜಿನ ನಾಲ್ಕು ರುಚಿಗಳು ಬಾಯಲ್ಲಿ ನಾಲ್ಕು ದಿಕ್ಕಿಗೆ ಹೋಗುತ್ತವೆ. ಮರುದಿನ ಅವು ಒಂದಾಗಿರುತ್ತವೆ. ನಾಳೆ ನೆಂಟರು ಬರುತ್ತಾರೆಂದರೆ ಇವತ್ತೇ ಮಾಡಿಡುವ ಅಡುಗೆ ಇದು.

ಉಳಿದ ಕಾಯಿ, ಹಣ್ಣುಗಳು

ಅನಾನಸ್ ಗೊಜ್ಜಿನಲ್ಲಿ ಹಣ್ಣೇ ಸಿಹಿ ಹುಳಿ ಎರಡನ್ನೂ ತರುವುದರಿಂದ ಹುಣಸೆ ಅರ್ಧಕ್ಕಿಳಿಯುತ್ತದೆ. ಪೂರ್ತಿ ಮಾಗಿದ್ದಕ್ಕಿಂತ ದೋರೆಗಾಯಿಯಾಗಿರುವ ಹಣ್ಣು ಒಳ್ಳೆಯದು, ತುಂಡು ಗಟ್ಟಿಯಾಗಿ ನಿಲ್ಲುತ್ತದೆ. ಬನವಾಸಿ, ಸಾಗರದ ಕಡೆಯ ಹಣ್ಣು ಹಂಗಾಮಿನಲ್ಲಿ ರಸ್ತೆ ಬದಿಯಲ್ಲೇ ರಾಶಿ ಬೀಳುತ್ತದೆ. ಇದಕ್ಕೆ ಒಣಕೊಬ್ಬರಿಗಿಂತ ಹಸಿ ತೆಂಗಿನತುರಿ ರುಬ್ಬಿ ಹಾಕುವವರು ಹೆಚ್ಚು; ಉಡುಪಿಯ ಮೆಣಸ್ಕಾಯಿಯಲ್ಲಿ ಹುರಿದ ಎಳ್ಳಿನ ಪರಿಮಳ ಎಲ್ಲವನ್ನೂ ಹಿಂದೆ ಹಾಕುತ್ತದೆ.

ಬೆಂಡೆಕಾಯಿಯನ್ನು ತೊಳೆದು ಒರೆಸಿ, ನೀರಿನ ಪಸೆಯಿಲ್ಲದೆ ಹುರಿದರೆ ಲೋಳೆ ಹೋಗುತ್ತದೆ. ಉಳಿದದ್ದನ್ನು ಹುಣಸೆ ಮುರಿಯುತ್ತದೆ. ದೊಣ್ಣೆಮೆಣಸಿನಕಾಯಿ, ಬೆಂಡೆಕಾಯಿಗಳ ಹೊಸ ಹಸಿರು ಹುಳಿಯಲ್ಲಿ ಉಳಿಯುವುದಿಲ್ಲ, ಪತ್ರಹರಿತ್ತಿನೊಳಗಿನ ಮೆಗ್ನೀಸಿಯಂ ಕಳಚಿ ಮಾಸಲು ಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ ಬೇಸರ ಬೇಡ. ಹೆರಳೆಕಾಯಿಯ ಗೊಜ್ಜಿನಲ್ಲಿ ಸಿಪ್ಪೆಯ ಕಹಿಯೇ ಪ್ರಧಾನ. ಕಿತ್ತಳೆ ತಿಂದು ಉಳಿದ ಸಿಪ್ಪೆಯಿಂದಲೂ ಇದೇ ರೀತಿಯ ಗೊಜ್ಜು ಮಾಡುತ್ತಾರೆ. ಕಾಡುಮಾವಿನ ಪುಟ್ಟ ಹಣ್ಣನ್ನು ಓಟೆಯ ಸಮೇತ ಹಾಕಿದ ಗೊಜ್ಜು ಮಲೆನಾಡು, ಕರಾವಳಿಯಲ್ಲಿ ಬೇಸಿಗೆಯ ಕೊನೆಗೆ ಸಿಗುತ್ತದೆ. ಅದನ್ನು ಅನ್ನಕ್ಕೆ ಕಲಸಿಕೊಂಡು, ಕೊನೆಗೆ ಓಟೆಯನ್ನು ಚೀಪುತ್ತ ಕೂರುವುದಕ್ಕೆ ಅರ್ಧ ಗಂಟೆ ಬಿಡುವು ಬೇಕು. ಕ್ಯಾರೆಟ್, ಸಿಹಿಗುಂಬಳ, ಗೆಣಸಿನಂಥ ತಾವೇ ಸಿಹಿಯಾದ ತರಕಾರಿಗಳು ಗೊಜ್ಜಿಗೆ ಅಷ್ಟಾಗಿ ಬರುವುದಿಲ್ಲ. ಬೆಲ್ಲಕ್ಕೆ ಎದುರಾಗಿ ನಿಲ್ಲುವ ಕಹಿ, ಘಾಟು ಅಥವಾ ಹುಳಿ ಕಾಯಿಯಲ್ಲೇ ಇರಬೇಕು.

ಪಾತ್ರೆ

ಹುಣಸೆಯ ಹುಳಿ ಲೋಹ ತಿನ್ನುತ್ತದೆ. ಕಲಾಯಿ ಹೋದ ಹಿತ್ತಾಳೆಯಲ್ಲಿ ಗೊಜ್ಜು ಮಾಡಿದರೆ ತಾಮ್ರ ಕರಗಿ ಕಿಲುಬು ರುಚಿ ಬರುತ್ತದೆ, ಆರೋಗ್ಯಕ್ಕೂ ಕೆಡುಕು. ಕಬ್ಬಿಣದ ಬಾಂಡಲೆ ಗೊಜ್ಜನ್ನು ಕಪ್ಪಾಗಿಸುತ್ತದೆ. ಮೊದಲಿನ ಮನೆಗಳಲ್ಲಿ ಇದಕ್ಕಾಗಿಯೇ ಬಳಪದ ಕಲ್ಲಿನಲ್ಲಿ ಕಡೆದ ಕಲ್ಚಟ್ಟಿ, ಕಲ್ಲುಮರಿಗೆಗಳಿದ್ದವು. ಕಲ್ಲು ಹುಳಿಗೆ ಬಗ್ಗುವುದಿಲ್ಲ. ನಿಧಾನವಾಗಿ ಕಾಯುತ್ತದೆ, ಕಾದ ಮೇಲೆ ಬಿಸಿ ಬಿಡುವುದಿಲ್ಲ. ಒಲೆಯಿಂದ ಇಳಿಸಿದ ಮೇಲೂ ಗೊಜ್ಜು ಕೆಲವು ನಿಮಿಷ ಕುದಿಯುತ್ತಲೇ ಇರುತ್ತದೆ. ಹಾಗಾಗಿ ಕಲ್ಚಟ್ಟಿಯಲ್ಲಿ ಮಾಡುವವರು ಗೆರೆಯ ಪರೀಕ್ಷೆಗೂ ಮೊದಲೇ, ದೊಡ್ಡ ಗುಳ್ಳೆ ಶುರುವಾದ ಕೂಡಲೇ ಇಳಿಸಬೇಕು. ಹೊಸ ಕಲ್ಚಟ್ಟಿಯನ್ನು ಎಣ್ಣೆ ಸವರಿ, ಗಂಜಿ ಕಾಯಿಸಿ ಪಳಗಿಸದೆ ನೇರ ಉರಿಗಿಟ್ಟರೆ ಬಿರುಕು ಬಿಡುತ್ತದೆ. ಈಗ ಹೆಚ್ಚಿನವರ ಮನೆಯಲ್ಲಿರುವ ದಪ್ಪ ತಳದ ಸ್ಟೀಲು ಬಾಂಡಲೆಯಿಂದಲೂ ಕೆಲಸ ಚೆನ್ನಾಗಿಯೇ ಆಗುತ್ತದೆ. ಬಾಯಿ ಅಗಲವಾಗಿದ್ದಷ್ಟೂ ನೀರು ಬೇಗ ಬತ್ತುತ್ತದೆ. ಕುಕ್ಕರಿನಲ್ಲಿ ಮಾತ್ರ ಇದು ಆಗದ ಕೆಲಸ.

ನೆರೆಹೊರೆಯ ಬಂಧುಗಳು

ಬೆಲ್ಲ, ಹುಣಸೆ ಬತ್ತಿಸುವ ಈ ಜಾಣ್ಮೆ ಕರ್ನಾಟಕದ ಗಡಿಯಲ್ಲಿ ನಿಲ್ಲುವುದಿಲ್ಲ. ಮರಾಠಿ ಮನೆಗಳಲ್ಲೂ ಉತ್ತರ ಕರ್ನಾಟಕದ ಕೆಲವು ಮನೆಗಳಲ್ಲೂ ಮೆಣಸಿನಕಾಯಿ, ಎಳ್ಳು, ಶೇಂಗಾ, ಹುಣಸೆ, ಬೆಲ್ಲ ಸೇರಿಸಿ ಮಾಡುವ ಪಂಚಾಮೃತ (ದೇವರ ಪಂಚಾಮೃತವಲ್ಲ) ಗೊಜ್ಜಿನ ಖಾಸಾ ತಂಗಿ. ಕೇರಳದ ಓಣಂ ಎಲೆಯ ತುದಿಯಲ್ಲಿ ಬೀಳುವ ಇಂಜಿಪುಳಿಯಲ್ಲಿ ತರಕಾರಿಯ ಜಾಗಕ್ಕೆ ಶುಂಠಿ ಬಂದಿದೆ. ತಮಿಳರ ಪುಳಿಕ್ಕಾಚ್ಚಲ್ ನಮ್ಮ ಪುಳಿಯೋಗರೆ ಗೊಜ್ಜೇ. ಬೆಲ್ಲ ಮಾತ್ರ ತೀರ ಕಡಿಮೆ. ಹೆಸರಿನಲ್ಲಿ ಹತ್ತಿರವಿರುವ ಚಿದಂಬರದ ಕೊತ್ಸು ಬದನೆಕಾಯಿಯದು.

ದೂರದ ದೇಶಗಳಲ್ಲೂ ತರಕಾರಿಗೆ ಸಕ್ಕರೆಯ ಮೆರುಗು ಹಿಡಿಸುವ ಅಡುಗೆಗಳಿವೆ. ಫ್ರಾನ್ಸಿನವರು ಕ್ಯಾರೆಟ್ಟನ್ನು ಬೆಣ್ಣೆ, ಸಕ್ಕರೆ, ನೀರಿನಲ್ಲಿ ಬತ್ತಿಸುತ್ತಾರೆ, ಅದಕ್ಕೆ ವಿಶಿ ಊರಿನ ಬುಗ್ಗೆಯ ನೀರಿನ ಹೆಸರಿದೆ. ಡೆನ್ಮಾರ್ಕಿನಲ್ಲಿ ಕ್ರಿಸ್‌ಮಸ್ ಊಟಕ್ಕೆ ಪುಟ್ಟ ಆಲೂಗಡ್ಡೆಗಳನ್ನು ಕಂದಾಗಿಸಿದ ಸಕ್ಕರೆಯಲ್ಲಿ ಹೊರಳಿಸುತ್ತಾರೆ. ಕೊರಿಯದಲ್ಲಿ ತಾವರೆ ಗೆಡ್ಡೆಯನ್ನು ಸೋಯಾ ಸಾಸ್ ಮತ್ತು ಸಿಹಿಪಾಕದಲ್ಲಿ ಇಳಿಸುವ ಜೋರಿಂ ಮನೆಮನೆಯ ಅಡುಗೆ. ಬತ್ತಿಸಿ ಹೊಳಪು ತರುವ ಕೈಗುಣ ಎಲ್ಲ ಕಡೆಯೂ ಒಂದೇ. ಆದರೆ ಫ್ರೆಂಚರ ಕ್ಯಾರೆಟ್ ಸಿಹಿಗೆ ಸಿಹಿ ಸೇರಿಸುತ್ತದೆ, ಗೊಜ್ಜು ಕಹಿಗೆ ಸಿಹಿ ಹಿಡಿಸುತ್ತದೆ. ರುಚಿಯಲ್ಲಿ ಗೊಜ್ಜಿಗೆ ಹೆಚ್ಚು ಹತ್ತಿರ ಬರುವುದು ಸಿಸಿಲಿಯವರು ಬದನೆಯನ್ನು ವಿನೆಗರ್, ಸಕ್ಕರೆಯೊಡನೆ ಮಾಡುವ ಕಪೊನಾಟ.

ಊಟದಲ್ಲಿ

ಮದುವೆ, ಮುಂಜಿಗಳ ಎಲೆಯಲ್ಲಿ ಗೊಜ್ಜು ಪಲ್ಯ, ಕೋಸಂಬರಿಗಳ ಸಾಲಿಗೆ ಒಂದು ಸೌಟಿನಷ್ಟು ಬೀಳುತ್ತದೆ. ತಿಳಿದವರು ಮೊದಲು ಬಿಸಿ ಅನ್ನಕ್ಕೆ ತುಪ್ಪ ಹಾಕಿ ಒಂದು ತುತ್ತು ಗೊಜ್ಜಿನೊಡನೆ ಕಲಸಿ, ಉಳಿದದ್ದನ್ನು ಮೊಸರನ್ನದ ನಂಚಿಕೆಗೆ ಇಟ್ಟುಕೊಳ್ಳುತ್ತಾರೆ. ಹಾಗಲಕಾಯಿಯ ಅಡುಗೆ ಅನೇಕ ಮನೆಗಳಲ್ಲಿ ಶ್ರಾದ್ಧದ ಊಟದ ಭಾಗವೂ ಹೌದು. ಅಂದು ಒಣಮೆಣಸಿನಕಾಯಿ ಬಿಟ್ಟು ಕರಿಮೆಣಸು ಹಾಕುವ ಮನೆಗಳ ಅಡುಗೆಯಲ್ಲಿ ಮೆಣಸಿನಕಾಯಿ ಬರುವ ಮೊದಲಿನ ಗೊಜ್ಜಿನ ರುಚಿ ಹೇಗಿದ್ದಿರಬಹುದೆಂಬ ಸುಳಿವು ಸಿಗುತ್ತದೆ.

ಹಾಗಲಕಾಯಿ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಕೇಳಿ ಗೊಜ್ಜನ್ನು ಬಟ್ಟಲು ತುಂಬ ಬಡಿಸಿಕೊಳ್ಳುವವರು ಬೆಲ್ಲದ ಲೆಕ್ಕ ಮರೆತಿರುತ್ತಾರೆ. ಮೇಲೆ ಹೇಳಿದ ಅಳತೆಯಲ್ಲಿ ಆರು ಮಂದಿಗೆ ಹಂಚಿದರೆ ತಲೆಗೆ 13 ಗ್ರಾಂ ಬೆಲ್ಲ, ಅಂದರೆ ಸುಮಾರು 50 ಕ್ಯಾಲರಿ. ನಂಚಿಕೆಯಾಗಿ ತಿಂದರೆ ಇದು ದೊಡ್ಡ ಮಾತಲ್ಲ. ಬಟ್ಟಲುಗಟ್ಟಲೆ ತಿಂದರೆ ಕಾಯಿಯ ಗುಣವನ್ನು ಬೆಲ್ಲವೇ ನುಂಗಿಹಾಕುತ್ತದೆ.

ಇಡುವುದು, ಹೊರದೇಶದ ಅಡುಗೆಮನೆ

ಹುಳಿ, ಉಪ್ಪು, ಸಕ್ಕರೆ ಮೂರೂ ಕೆಡಿಸುವ ಸೂಕ್ಷ್ಮಜೀವಿಗಳಿಗೆ ಆಗದವು. ನೀರೂ ಬತ್ತಿರುವುದರಿಂದ ಒಣಕೊಬ್ಬರಿಯ ಹಾಗಲಕಾಯಿ ಗೊಜ್ಜು ಮೂರು ದಿನ ಹೊರಗೇ ಚೆನ್ನಾಗಿರುತ್ತದೆ, ಫ್ರಿಜ್ಜಿನಲ್ಲಿ ಎರಡು ವಾರ. ಹಸಿ ತೆಂಗಿನಕಾಯಿ ರುಬ್ಬಿ ಹಾಕಿದ್ದನ್ನು ಅದೇ ದಿನ ಮುಗಿಸಬೇಕು. ತಿಂಗಳುಗಟ್ಟಲೆ ಇಡಬೇಕಾದ ಪುಳಿಯೋಗರೆ ಗೊಜ್ಜಿಗೆ ತೆಂಗನ್ನು ಸೇರಿಸದೆ, ಎಣ್ಣೆ ಹೆಚ್ಚು ಹಾಕಿ, ಅದು ಮೇಲೆ ಪದರವಾಗಿ ನಿಲ್ಲುವವರೆಗೆ ಕುದಿಸುತ್ತಾರೆ. ಊರಿಂದ ಹೊರಡುವ ಮಕ್ಕಳ ಪೆಟ್ಟಿಗೆಯಲ್ಲಿ ಸಾರಿನಪುಡಿಯ ಪಕ್ಕ ಎರಡು ಮೂರು ಪ್ಲಾಸ್ಟಿಕ್ ಚೀಲ ಸುತ್ತಿದ ಆ ಡಬ್ಬಿಗೆ ಖಾಯಂ ಜಾಗ.

ಅಮೆರಿಕ, ಇಂಗ್ಲೆಂಡುಗಳಲ್ಲಿ ಗೊಜ್ಜು ಮಾಡುವ ಕನ್ನಡಿಗರಿಗೆ ಅಂಗಡಿಯಲ್ಲಿ ಸಿಗುವ ಹಾಗಲಕಾಯಿ ಕೆಲವೊಮ್ಮೆ ಚೀನೀ ತಳಿಯದು: ಉದ್ದ, ತಿಳಿಹಸಿರು, ನುಣುಪು ಏಣು, ಕಹಿ ಕಡಿಮೆ. ಅದಕ್ಕೆ ಉಪ್ಪು ಸವರಿ ಹಿಂಡುವ ಅಗತ್ಯವಿಲ್ಲ, ಬೆಲ್ಲವೂ ಕಾಲು ಭಾಗ ಕಡಿಮೆ ಸಾಕು. ಡಬ್ಬಿಯ ಹುಣಸೆ ಗಸಿ ಕಪ್ಪಗೆ, ಬಲು ಹುಳಿಯಾಗಿರುತ್ತದೆ. ಒಂದೂವರೆ ಚಮಚದಿಂದ ಶುರು ಮಾಡಿ ರುಚಿ ನೋಡುತ್ತ ಹೋಗಬೇಕು. ಡಬ್ಬಿಯ ಅನಾನಸ್ಸಾದರೆ ಸಕ್ಕರೆ ನೀರನ್ನು ಬಸಿದು ಬೆಲ್ಲ ಅರ್ಧ ಮಾಡಿಕೊಳ್ಳಬೇಕು. ಗೊಜ್ಜು ಕೊನೆಯ ಹಂತದಲ್ಲಿ ಗಾಜಿನ ಮೇಲ್ಮೈಯ ವಿದ್ಯುತ್ ಒಲೆಯ ಮೇಲೆ ಸಿಡಿದರೆ ಸಕ್ಕರೆ ಅಲ್ಲೇ ಸುಟ್ಟು ಕಲ್ಲಾಗುತ್ತದೆ. ಗುಳ್ಳೆ ದೊಡ್ಡದಾದ ಕೂಡಲೇ ಬಾಂಡಲೆಯ ಮೇಲೆ ಬಲೆಮುಚ್ಚಳ ಇಟ್ಟು, ಸಿಡಿದದ್ದನ್ನು ಒಲೆ ತಣಿಯುವ ಮೊದಲೇ ಕೆರೆದು ತೆಗೆಯಬೇಕು.